ಚಕ್ರವನ್ನು ಚಿಕ್ಕದು ಮಾಡಿದ ಸ್ಟಾರ್ಲಿ

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದು ಸೈಕಲ್ ಇದ್ದೇ ಇರುತ್ತದೆ. ಅದರ ಬಳಿ ಹೋಗಿ ಒಂದು ನಿಮಿಷ ನಿಂತು ನೋಡಿ. ಎರಡು ಚಕ್ರಗಳೂ ಒಂದೇ ಗಾತ್ರದವು. ಸೀಟಿನ ಮೇಲೆ ಕುಳಿತವರು ಕಾಲು ಚಾಚಿದರೆ ನೆಲ ಸಿಗುತ್ತದೆ. ಪೆಡಲ್ ತುಳಿದರೆ ಸರಪಳಿ ಹಿಂದಿನ ಚಕ್ರವನ್ನು ತಿರುಗಿಸುತ್ತದೆ. ಇದರಲ್ಲೇನು ವಿಶೇಷ, ಸೈಕಲ್ ಎಂದರೆ ಹೀಗೆಯೇ ಅಲ್ಲವೇ ಎಂದು ನಿಮಗೆ ಅನ್ನಿಸಬಹುದು.

ಆದರೆ 1880ರಲ್ಲಿ ಇಂಗ್ಲೆಂಡಿನ ಯಾವುದಾದರೂ ರಸ್ತೆಯ ಪಕ್ಕ ನೀವು ನಿಂತಿದ್ದರೆ ಬೇರೆಯೇ ದೃಶ್ಯ ಕಾಣುತ್ತಿತ್ತು. ಮುಂದೆ ನಿಮ್ಮ ತಲೆಗಿಂತ ಎತ್ತರದ ಒಂದು ಚಕ್ರ, ಹಿಂದೆ ತಟ್ಟೆಯಷ್ಟಿರುವ ಇನ್ನೊಂದು ಚಕ್ರ. ದೊಡ್ಡ ಚಕ್ರದ ತುದಿಯಲ್ಲಿ, ಮರದ ಕೊಂಬೆಯ ಮೇಲೆ ಕುಳಿತಂತೆ ಒಬ್ಬ ತರುಣ! ಆ ಎತ್ತರದ ಸವಾರನನ್ನು ಕೆಳಗಿಳಿಸಿದ ಒಬ್ಬ ಮನುಷ್ಯನ ಕಥೆಯನ್ನು ಈಗ ಓದೋಣ. ಆತನ ಹೆಸರು ಜಾನ್ ಕೆಂಪ್ ಸ್ಟಾರ್ಲಿ.

ತೋಟಗಾರನ ಮಗ

ಜಾನ್ ಹುಟ್ಟಿದ್ದು 1850ರ ದಶಕದ ನಡುವೆ, ಲಂಡನ್ನಿಗೆ ಹತ್ತಿರದ ವಾಲ್ಥಮ್‌ಸ್ಟೋ ಎಂಬಲ್ಲಿ. ತಂದೆ ತೋಟಗಾರ. 1872ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಜಾನ್ ಊರು ಬಿಟ್ಟು ಕೊವೆಂಟ್ರಿ ಎಂಬ ಪಟ್ಟಣಕ್ಕೆ ಹೋದ. ಅಲ್ಲಿ ಆತನ ಚಿಕ್ಕಪ್ಪ ಜೇಮ್ಸ್ ಸ್ಟಾರ್ಲಿ ಇದ್ದ.

ಕೊವೆಂಟ್ರಿ ಅಂದಿನ ದಿನಗಳಲ್ಲಿ ರೇಷ್ಮೆ ಪಟ್ಟಿ ನೇಯುವವರ ಮತ್ತು ಗಡಿಯಾರ ಮಾಡುವವರ ಊರು. 1860ರ ನಂತರ ಫ್ರಾನ್ಸಿನ ರೇಷ್ಮೆ ಪಟ್ಟಿಗಳು ಇಂಗ್ಲೆಂಡಿನ ಪೇಟೆಗೆ ಸುಲಭವಾಗಿ ಬರತೊಡಗಿ ನೇಕಾರರು ಕೆಲಸ ಕಳೆದುಕೊಂಡರು. ಆದರೆ ಊರಿನಲ್ಲಿ ಸೂಕ್ಷ್ಮ ಕೆಲಸ ಬಲ್ಲ ಕೈಗಳಿದ್ದವು. ಅಂಥವರನ್ನು ಸೇರಿಸಿಕೊಂಡು ಹೊಲಿಗೆ ಯಂತ್ರದ ಕಾರ್ಖಾನೆಯೊಂದು ಆರಂಭವಾಯಿತು. ಜೇಮ್ಸ್ ಸ್ಟಾರ್ಲಿ ಅದರಲ್ಲಿ ಮುಖ್ಯ ಕುಶಲಕರ್ಮಿ. 1860ರ ದಶಕದ ಕೊನೆಗೆ ಪ್ಯಾರಿಸ್‌ನಿಂದ ಬಂದ ಒಂದು ಎರಡು ಚಕ್ರದ ಗಾಡಿಯನ್ನು ಕಂಡ ಮೇಲೆ, ಆ ಕಾರ್ಖಾನೆ ಸೈಕಲ್ ಮಾಡುವ ಕೆಲಸಕ್ಕೂ ಕೈ ಹಾಕಿತು.

1870ರಲ್ಲಿ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್‌ಮನ್ ಸೇರಿ ಏರಿಯಲ್ ಎಂಬ ಸೈಕಲ್ಲನ್ನು ರೂಪಿಸಿದರು. ಅದರ ಮುಂದಿನ ಚಕ್ರ ದೊಡ್ಡದು, ಹಿಂದಿನದು ಚಿಕ್ಕದು. ಹೀಗೆ ಎತ್ತರದ ಸೈಕಲ್‌ಗಳ ಕಾಲ ಆರಂಭವಾಯಿತು. ಅವುಗಳನ್ನು ಜನ ಮುಂದೆ ಪೆನ್ನಿ-ಫಾರ್ದಿಂಗ್ ಎಂದು ಕರೆದರು. ಪೆನ್ನಿ ಎಂದರೆ ಇಂಗ್ಲೆಂಡಿನ ದೊಡ್ಡ ನಾಣ್ಯ, ಫಾರ್ದಿಂಗ್ ಎಂದರೆ ಚಿಕ್ಕ ನಾಣ್ಯ. ಎರಡನ್ನೂ ಮೇಜಿನ ಮೇಲೆ ಒಂದರ ಹಿಂದೆ ಒಂದು ನಿಲ್ಲಿಸಿದರೆ ಈ ಸೈಕಲ್ಲಿನ ಚಿತ್ರವೇ ಸರಿ!

ಹುಡುಗ ಜಾನ್ ಕೆಲಸ ಕಲಿತದ್ದು ಚಿಕ್ಕಪ್ಪನ ಈ ದೊಡ್ಡ ಚಕ್ರಗಳ ನಡುವೆಯೇ. ಕಡ್ಡಿ ಜೋಡಿಸುವುದು, ಬಿಗಿ ಮಾಡುವುದು, ಚಕ್ರ ಓಲಾಡದಂತೆ ನೇರ ಮಾಡುವುದು, ಎಲ್ಲವನ್ನೂ ಆತ ಅಲ್ಲಿಯೇ ಕಲಿತ.

ಚಕ್ರ ಏಕೆ ಅಷ್ಟು ದೊಡ್ಡದು?

ಈಗ ನೀವು ಒಂದು ಪ್ರಶ್ನೆ ಕೇಳಬೇಕು. ಅಷ್ಟು ಎತ್ತರದ ಚಕ್ರ ಏಕೆ ಬೇಕಿತ್ತು? ಆಟಕ್ಕೆಂದೇ? ಅಲ್ಲ. ಅದಕ್ಕೆ ಗಟ್ಟಿಯಾದ ಒಂದು ಕಾರಣವಿತ್ತು.

ಆ ಸೈಕಲ್‌ಗಳಲ್ಲಿ ಸರಪಳಿ ಇರಲಿಲ್ಲ. ಪೆಡಲ್‌ಗಳು ಮುಂದಿನ ಚಕ್ರದ ಅಚ್ಚಿಗೇ ಸೇರಿದ್ದವು. ನಿಮ್ಮ ಮನೆಯ ಪುಟ್ಟ ಮಗುವಿನ ಮೂರು ಚಕ್ರದ ಸೈಕಲ್ ಹೀಗೆಯೇ ಇರುತ್ತದೆ, ನೋಡಿ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಒಂದು ಸುತ್ತಿಗೆ ಗಾಡಿ ಎಷ್ಟು ದೂರ ಹೋಗುತ್ತದೆ? ಚಕ್ರದ ಪರಿಧಿಯಷ್ಟು. ಪರಿಧಿ ಎಂದರೆ ವ್ಯಾಸವನ್ನು 3.14ರಿಂದ ಗುಣಿಸಿದಷ್ಟು. ಚಕ್ರದ ವ್ಯಾಸ 75 ಸೆಂ.ಮೀ. ಇದ್ದರೆ ಒಂದು ತುಳಿತದ ಸುತ್ತಿಗೆ ಸುಮಾರು 236 ಸೆಂ.ಮೀ. ಮುಂದೆ ಹೋಗಬಹುದು. ವ್ಯಾಸ 150 ಸೆಂ.ಮೀ. ಇದ್ದರೆ ಅದೇ ಸುತ್ತಿಗೆ 471 ಸೆಂ.ಮೀ. ಹೋಗಬಹುದು. ವೇಗ ಬೇಕಾದರೆ ಚಕ್ರ ದೊಡ್ಡದಾಗಲೇಬೇಕು. ಬೇರೆ ದಾರಿ ಇರಲಿಲ್ಲ.

ಹಾಗಾದರೆ ಚಕ್ರ ಎಷ್ಟು ದೊಡ್ಡದಾಗಬಹುದು? ಸವಾರನ ಕಾಲು ಪೆಡಲಿಗೆ ಎಟುಕುವಷ್ಟು. ಆದ್ದರಿಂದ ಜನ ತಮ್ಮ ಕಾಲಿನ ಉದ್ದ ಅಳೆದು ಸೈಕಲ್ ಕೊಳ್ಳುತ್ತಿದ್ದರು. ಉದ್ದ ಕಾಲಿನವನಿಗೆ ದೊಡ್ಡ ಚಕ್ರ, ಹೆಚ್ಚು ವೇಗ. ಗಿಡ್ಡ ಕಾಲಿನವನಿಗೆ ಚಿಕ್ಕ ಚಕ್ರ, ಕಡಿಮೆ ವೇಗ. ಎತ್ತರದ ಚಕ್ರ ಏರುವುದು ತರುಣರಿಗೆ ಹೆಮ್ಮೆಯ ವಿಷಯವೂ ಆಯಿತು.

ದೊಡ್ಡ ಚಕ್ರಕ್ಕೆ ಇನ್ನೊಂದು ಗುಣವೂ ಇತ್ತು. ಅಂದಿನ ರಸ್ತೆಗಳು ಕಲ್ಲು, ಗುಂಡಿಗಳಿಂದ ತುಂಬಿದ್ದವು. ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದು ಧಡ್ ಎಂದು ಕುಲುಕುತ್ತದೆ. ದೊಡ್ಡ ಚಕ್ರ ಅದೇ ಗುಂಡಿಯ ಮೇಲೆ ಹೆಚ್ಚು ಇಳಿಯದೆ ದಾಟಿಬಿಡುತ್ತದೆ. ಎತ್ತಿನಗಾಡಿಯ ಚಕ್ರ ದೊಡ್ಡದಾಗಿರುವುದಕ್ಕೂ ಇದು ಒಂದು ಕಾರಣ.

ತಲೆಕೆಳಗಾದ ಸವಾರರು

ಆದರೆ ಈ ಎತ್ತರಕ್ಕೆ ಜನ ತೆತ್ತ ಬೆಲೆ ದೊಡ್ಡದು. ಸವಾರ ಕುಳಿತಿರುತ್ತಿದ್ದುದು ಹೆಚ್ಚುಕಡಿಮೆ ಮುಂದಿನ ಚಕ್ರದ ಅಚ್ಚಿನ ನೇರ ಮೇಲೆ. ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಂದರೆ ಅಥವಾ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತಿತ್ತು. ಸವಾರನ ದೇಹ ಮಾತ್ರ ನಿಲ್ಲುತ್ತಿರಲಿಲ್ಲ. ಜಡತ್ವದಿಂದಾಗಿ ಅದು ಮುಂದಕ್ಕೇ ಸಾಗುತ್ತಿತ್ತು. ಇಡೀ ಸೈಕಲ್ ಮುಂದಿನ ಚಕ್ರದ ಮೇಲೆ ಮಗುಚಿ, ಸವಾರ ತಲೆ ಮುಂದಾಗಿ ನೆಲಕ್ಕೆ ಬೀಳುತ್ತಿದ್ದ. ಕಾಲುಗಳು ಹ್ಯಾಂಡಲಿನ ಕೆಳಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಜಿಗಿದು ತಪ್ಪಿಸಿಕೊಳ್ಳುವುದೂ ಕಷ್ಟ. ಕೈ ಮುರಿದುಕೊಂಡವರು, ತಲೆಗೆ ಪೆಟ್ಟು ಮಾಡಿಕೊಂಡವರು, ಪ್ರಾಣ ಕಳೆದುಕೊಂಡವರೂ ಇದ್ದರು.

ಪ್ರತಿಯೊಂದು ವಸ್ತುವಿಗೂ ಗುರುತ್ವ ಕೇಂದ್ರ ಎಂಬ ಒಂದು ಬಿಂದು ಇರುತ್ತದೆ. ವಸ್ತುವಿನ ತೂಕವೆಲ್ಲ ಅಲ್ಲಿಯೇ ಸೇರಿದೆ ಎಂದು ಭಾವಿಸಬಹುದು. ಆ ಬಿಂದು ನೆಲದಿಂದ ಎತ್ತರದಲ್ಲಿದ್ದಷ್ಟೂ ವಸ್ತು ಸುಲಭವಾಗಿ ಉರುಳುತ್ತದೆ. ಕೆಳಗಿದ್ದಷ್ಟೂ ಗಟ್ಟಿಯಾಗಿ ನಿಲ್ಲುತ್ತದೆ. ಪೆನ್ನಿ-ಫಾರ್ದಿಂಗ್‌ನಲ್ಲಿ ಆ ಬಿಂದು ಬಹಳ ಎತ್ತರದಲ್ಲಿತ್ತು. ಸಾಲದ್ದಕ್ಕೆ ಮುಂದಿನ ಚಕ್ರಕ್ಕೆ ಬಹಳ ಹತ್ತಿರವೂ ಇತ್ತು.

ಹೀಗಾಗಿ ಸೈಕಲ್ ಎಂಬುದು ಗಟ್ಟಿಮುಟ್ಟಾದ ತರುಣರ ಸೊತ್ತಾಗಿ ಉಳಿಯಿತು. ವಯಸ್ಸಾದವರು, ಗಿಡ್ಡಗಿರುವವರು, ಉದ್ದ ಲಂಗ ತೊಡುತ್ತಿದ್ದ ಹೆಂಗಸರು ಅದನ್ನು ಏರುವಂತಿರಲಿಲ್ಲ. ಅಂಥವರಿಗಾಗಿ ಮೂರು ಚಕ್ರದ ಸೈಕಲ್‌ಗಳಿದ್ದವು. ಆದರೆ ಅವು ಭಾರ, ಬೆಲೆಯೂ ಹೆಚ್ಚು.

ಚಿಕ್ಕಪ್ಪನ ದಾರಿ ಬಿಟ್ಟು

1877ರಲ್ಲಿ ಜಾನ್ ಸ್ಟಾರ್ಲಿ ಸೈಕಲ್ ಪ್ರೇಮಿಯಾಗಿದ್ದ ವಿಲಿಯಂ ಸಟ್ಟನ್ ಜೊತೆ ಸೇರಿ ಸ್ವಂತ ಉದ್ಯಮ ಆರಂಭಿಸಿದ. 1881ರಲ್ಲಿ ಚಿಕ್ಕಪ್ಪ ಜೇಮ್ಸ್ ತೀರಿಕೊಂಡ. 1883ರಲ್ಲಿ ಜಾನ್‌ನ ಉದ್ಯಮ ಒಂದು ಮೂರು ಚಕ್ರದ ಸೈಕಲ್ಲಿಗೆ ರೋವರ್ ಎಂಬ ಹೆಸರಿಟ್ಟಿತು. ರೋವರ್ ಎಂದರೆ ಅಲೆಮಾರಿ, ಊರೂರು ಸುತ್ತುವವನು ಎಂದರ್ಥ.

ಎತ್ತರದ ಸೈಕಲ್ಲಿನ ಅಪಾಯ ಜಾನ್‌ಗೆ ಚೆನ್ನಾಗಿ ಗೊತ್ತಿತ್ತು. ಚಕ್ರ ಚಿಕ್ಕದು ಮಾಡಿದರೆ ಸವಾರ ನೆಲಕ್ಕೆ ಹತ್ತಿರ ಬರುತ್ತಾನೆ, ಸರಿ. ಆದರೆ ವೇಗ? ಚಿಕ್ಕ ಚಕ್ರದ ಅಚ್ಚಿಗೇ ಪೆಡಲ್ ಹಾಕಿದರೆ, ಕಾಲು ಹುಚ್ಚೆದ್ದಂತೆ ತಿರುಗಿದರೂ ಗಾಡಿ ಆಮೆಯಂತೆ ಸಾಗುತ್ತದೆ. ಅಂಥ ಸೈಕಲ್ಲನ್ನು ಯಾರು ಕೊಳ್ಳುತ್ತಾರೆ?

ಉತ್ತರ ಹಲ್ಲುಗಾಲಿಯಲ್ಲಿತ್ತು. ಪೆಡಲ್ಲನ್ನು ಚಕ್ರದಿಂದ ಬಿಡಿಸಿ, ಎರಡು ಚಕ್ರಗಳ ನಡುವೆ ಇಡಬೇಕು. ಪೆಡಲಿಗೆ ದೊಡ್ಡ ಹಲ್ಲುಗಾಲಿ, ಹಿಂದಿನ ಚಕ್ರಕ್ಕೆ ಚಿಕ್ಕ ಹಲ್ಲುಗಾಲಿ, ನಡುವೆ ಸರಪಳಿ. ಪೆಡಲಿನ ಹಲ್ಲುಗಾಲಿಗೆ 40 ಹಲ್ಲು, ಹಿಂದಿನದಕ್ಕೆ 20 ಹಲ್ಲು ಇವೆ ಎಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದಾಗ ಸರಪಳಿಯ 40 ಕೊಂಡಿಗಳು ಸಾಗುತ್ತವೆ. ಅಷ್ಟರಲ್ಲಿ ಹಿಂದಿನ ಚಕ್ರ ಎರಡು ಸುತ್ತು ತಿರುಗಿಯೇ ತಿರುಗುತ್ತದೆ. ಈಗ 75 ಸೆಂ.ಮೀ. ವ್ಯಾಸದ ಚಕ್ರದ ಲೆಕ್ಕ ಮಾಡಿ. ಒಂದು ಸುತ್ತಿಗೆ 236 ಸೆಂ.ಮೀ. ಆದರೆ ಎರಡು ಸುತ್ತಿಗೆ ಸುಮಾರು 471 ಸೆಂ.ಮೀ. ಅರೆ, ಇದು 150 ಸೆಂ.ಮೀ. ಚಕ್ರ ಹೋಗುತ್ತಿದ್ದಷ್ಟೇ ದೂರ! ಚಕ್ರ ಅರ್ಧವಾಯಿತು, ವೇಗ ಅಷ್ಟೇ ಉಳಿಯಿತು.

ಸರಪಳಿ ಬಳಸಿದವರಲ್ಲಿ ಜಾನ್ ಸ್ಟಾರ್ಲಿ ಮೊದಲಿಗನಲ್ಲ. 1879ರಲ್ಲಿಯೇ ಹ್ಯಾರಿ ಲಾಸನ್ ಎಂಬಾತ ಸರಪಳಿಯಿಂದ ಹಿಂದಿನ ಚಕ್ರ ತಿರುಗಿಸುವ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದ. ಆದರೆ ಅದರ ಮುಂದಿನ ಚಕ್ರ ಇನ್ನೂ ಬಹಳ ದೊಡ್ಡದಾಗಿತ್ತು. ಜನ ಅದನ್ನು ಮೆಚ್ಚಲಿಲ್ಲ. ಒಂದು ಉಪಾಯ ಹೊಳೆದರೆ ಸಾಲದು, ಅದರ ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದಬೇಕು. ಆ ಹೊಂದಾಣಿಕೆಯನ್ನು ಸಾಧಿಸಿದವನು ಸ್ಟಾರ್ಲಿ.

ರೋವರ್ ಬಂದಿತು

1885ರಲ್ಲಿ ಲಂಡನ್ನಿನ ಸೈಕಲ್ ಪ್ರದರ್ಶನದಲ್ಲಿ ಸ್ಟಾರ್ಲಿಯ ರೋವರ್ ಸುರಕ್ಷಾ ಸೈಕಲ್ ಕಾಣಿಸಿಕೊಂಡಿತು. ಆಗ ಆತನಿಗೆ ಮೂವತ್ತರ ಆಸುಪಾಸಿನ ವಯಸ್ಸು. ಮೊದಲ ಮಾದರಿಯ ಮುಂದಿನ ಚಕ್ರದ ವ್ಯಾಸ 36 ಅಂಗುಲ, ಅಂದರೆ ಸುಮಾರು 91 ಸೆಂ.ಮೀ. ಹಿಂದಿನದು ಅದಕ್ಕಿಂತ ಚಿಕ್ಕದು. ಹ್ಯಾಂಡಲಿನಿಂದ ಮುಂದಿನ ಚಕ್ರಕ್ಕೆ ಸರಳುಗಳ ಮೂಲಕ ಸಂಪರ್ಕ ಕೊಡಲಾಗಿತ್ತು. ಅದು ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಸ್ಟಾರ್ಲಿ ಅಲ್ಲಿಗೇ ಕೈಬಿಡಲಿಲ್ಲ. ಹ್ಯಾಂಡಲ್ಲನ್ನು ಓರೆಯಾದ ಕವಲಿಗೆ ನೇರವಾಗಿ ಸೇರಿಸಿದ. ಎರಡು ಚಕ್ರಗಳನ್ನೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ತಂದ. ನಿಮ್ಮ ಮನೆಯ ಸೈಕಲ್ಲಿನ ಮುತ್ತಜ್ಜ ಇದೇ!

ಈ ಸೈಕಲ್ಲನ್ನು ರೂಪಿಸುವಾಗ ಏನನ್ನು ಯೋಚಿಸಿದ್ದೆ ಎಂಬುದನ್ನು 1898ರ ಒಂದು ಉಪನ್ಯಾಸದಲ್ಲಿ ಸ್ಟಾರ್ಲಿ ವಿವರಿಸಿದ. ಸವಾರ ನೆಲದಿಂದ ಸರಿಯಾದ ಎತ್ತರದಲ್ಲಿ ಇರಬೇಕು. ಪೆಡಲಿಗೂ ಚಕ್ರಕ್ಕೂ ನಡುವಿನ ಹಲ್ಲುಗಾಲಿಯ ಪ್ರಮಾಣವನ್ನು ಬೇಕಾದಂತೆ ಬದಲಿಸಲು ಬರಬೇಕು. ಸೀಟು ಮತ್ತು ಹ್ಯಾಂಡಲ್ಲನ್ನು ಸವಾರನ ಮೈಗೆ ತಕ್ಕಂತೆ ಹೊಂದಿಸಲು ಬರಬೇಕು. ಗಮನಿಸಿದಿರಾ? ಪೆನ್ನಿ-ಫಾರ್ದಿಂಗ್‌ನಲ್ಲಿ ಮನುಷ್ಯ ಚಕ್ರಕ್ಕೆ ಹೊಂದಿಕೊಳ್ಳಬೇಕಿತ್ತು. ಸ್ಟಾರ್ಲಿಯ ಸೈಕಲ್ಲಿನಲ್ಲಿ ಚಕ್ರವೇ ಮನುಷ್ಯನಿಗೆ ಹೊಂದಿಕೊಂಡಿತು.

ಆದರೆ ಎತ್ತರದಲ್ಲಿ ಕುಳಿತು ರೂಢಿಯಾದವರಿಗೆ ಈ ಗಿಡ್ಡ ಸೈಕಲ್ ಹಿಡಿಸಲಿಲ್ಲ. ಇಷ್ಟು ಚಿಕ್ಕ ಚಕ್ರ ಓಡೀತೇ ಎಂಬ ಸಂದೇಹ ಅವರದು. ಸಂದೇಹಕ್ಕೆ ಉತ್ತರ ಕೊಡಲು 1885ರ ಸೆಪ್ಟೆಂಬರ್‌ನಲ್ಲಿ 100 ಮೈಲಿಗಳ ಓಟ ಏರ್ಪಾಡಾಯಿತು. ರೋವರ್ ಏರಿದ ಜಾರ್ಜ್ ಸ್ಮಿತ್ ಹಳೆಯ ದಾಖಲೆಯನ್ನು ಮುರಿದ. ಚಿಕ್ಕ ಚಕ್ರವೂ ವೇಗವಾಗಿ ಓಡಬಲ್ಲದು ಎಂಬುದು ರಸ್ತೆಯ ಮೇಲೆಯೇ ಸಾಬೀತಾಯಿತು.

ಉಳಿದ ಒಂದು ತೊಂದರೆ

ಚಕ್ರ ಚಿಕ್ಕದಾದಾಗ ಏನೋ ಒಂದು ಕಳೆದುಹೋಗಿತ್ತು. ಅದೇನೆಂದು ನೀವು ಊಹಿಸಬಲ್ಲಿರಾ? ಹೌದು, ಕುಲುಕಾಟ ಹೆಚ್ಚಾಯಿತು. ಅಂದಿನ ಟೈರುಗಳು ಗಟ್ಟಿ ರಬ್ಬರಿನವು. ಚಿಕ್ಕ ಚಕ್ರ ಪ್ರತಿ ಗುಂಡಿಗೂ ಇಳಿದು ಸವಾರನ ಬೆನ್ನು ನೋಯಿಸುತ್ತಿತ್ತು.

ಇದಕ್ಕೆ ಪರಿಹಾರ ಬಂದದ್ದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಿಂದ. ಅಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿ ನೋಡಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು, 1845ರಲ್ಲಿಯೇ, ರಾಬರ್ಟ್ ಥಾಮ್ಸನ್ ಎಂಬಾತ ಗಾಳಿಯ ಟೈರನ್ನು ಯೋಚಿಸಿದ್ದ. ಆದರೆ ಅಂದು ಅದನ್ನು ಬಳಸುವವರಿರಲಿಲ್ಲ. ಈಗ ಸ್ಟಾರ್ಲಿಯ ಚಿಕ್ಕ ಚಕ್ರಕ್ಕೆ ಅದು ಬೇಕೇ ಬೇಕಾಗಿತ್ತು. ಚಿಕ್ಕ ಚಕ್ರ ಮತ್ತು ಗಾಳಿಯ ಟೈರು ಎರಡೂ ಸೇರಿದ ಮೇಲೆ ಎತ್ತರದ ಸೈಕಲ್ ಕೆಲವೇ ವರ್ಷಗಳಲ್ಲಿ ರಸ್ತೆಯಿಂದ ಮರೆಯಾಯಿತು. 1890ರ ದಶಕದಲ್ಲಿ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಸೈಕಲ್ ತುಳಿಯತೊಡಗಿದರು.

ಸ್ಟಾರ್ಲಿ ಸುಮ್ಮನೆ ಕೂರುವವನಲ್ಲ. 1888ರಲ್ಲಿ ಆತ ವಿದ್ಯುತ್ತಿನಿಂದ ಓಡುವ ಮೂರು ಚಕ್ರದ ಗಾಡಿಯನ್ನೂ ಮಾಡಿದ. ಅದು ಮಾರಾಟಕ್ಕೆ ಬರಲಿಲ್ಲ. 1890ರ ದಶಕದಲ್ಲಿ ಆತನ ಉದ್ಯಮ ರೋವರ್ ಸೈಕಲ್ ಕಂಪನಿಯಾಯಿತು. 1901ರ ಅಕ್ಟೋಬರ್ 29ರಂದು, ಐವತ್ತು ತುಂಬುವ ಮೊದಲೇ, ಆತ ಇದ್ದಕ್ಕಿದ್ದಂತೆ ತೀರಿಕೊಂಡ. ಆ ಹೊತ್ತಿಗೆ ಆತನ ಸೈಕಲ್ಲಿನ ಮಾದರಿ ಬೇರೆ ಬೇರೆ ದೇಶಗಳನ್ನು ತಲುಪಿತ್ತು. ಪೋಲೆಂಡ್ ದೇಶದ ಭಾಷೆಯಲ್ಲಿ ಸೈಕಲ್ಲಿಗೆ ಇಂದಿಗೂ ರೋವರ್ ಎಂದೇ ಹೆಸರು!

ಸೈಕಲ್ಲಿನಿಂದ ಜೀಪಿಗೆ

ಸ್ಟಾರ್ಲಿ ಹೋದ ಮೇಲೆ ಕಂಪನಿ 1904ರಲ್ಲಿ ತನ್ನ ಮೊದಲ ಕಾರನ್ನು ಮಾಡಿತು. 1948ರಲ್ಲಿ ಅದೇ ರೋವರ್ ಕಂಪನಿ ಹೊಲ, ಕಾಡು, ಕೆಸರುಗಳಲ್ಲಿ ಓಡಬಲ್ಲ ಲ್ಯಾಂಡ್ ರೋವರ್ ಎಂಬ ಜೀಪಿನಂಥ ವಾಹನವನ್ನು ಆಮ್‌ಸ್ಟರ್‌ಡ್ಯಾಮ್ ನಗರದ ಪ್ರದರ್ಶನದಲ್ಲಿ ತೋರಿಸಿತು.

ಇಂಥ ವಾಹನಗಳ ವಿಷಯದಲ್ಲಿ ಸ್ಟಾರ್ಲಿಯ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕಲ್ಲುಬಂಡೆಗಳ ದಾರಿಯಲ್ಲಿ ತಳ ತಾಗಬಾರದೆಂದು ಕೆಲವರು ಜೀಪಿನ ಒಡಲನ್ನು ಎತ್ತರಿಸಿ, ದೊಡ್ಡ ಟೈರು ಹಾಕಿಸುತ್ತಾರೆ. ಆಮೇಲೆ ದಿನನಿತ್ಯ ಊರ ರಸ್ತೆಯಲ್ಲಿ ಓಡಾಡುವಾಗ ಚಿಕ್ಕ ಟೈರಿಗೆ ಮರಳುವುದು ಒಳ್ಳೆಯದೇ ಎಂದು ಯೋಚಿಸುತ್ತಾರೆ. ಆಗ ಏನಾಗುತ್ತದೆ? ಲೆಕ್ಕ ಮಾಡೋಣ.

ಟೈರಿನ ವ್ಯಾಸ 84 ಸೆಂ.ಮೀ. ಇದ್ದದ್ದು 80 ಸೆಂ.ಮೀ. ಆಯಿತು ಎನ್ನಿ. ನೆಲದಿಂದ ಅಚ್ಚಿನವರೆಗೆ ಇರುವುದು ವ್ಯಾಸದ ಅರ್ಧ ಮಾತ್ರ. ಆದ್ದರಿಂದ ಜೀಪು ಇಳಿಯುವುದು 4 ಅಲ್ಲ, 2 ಸೆಂ.ಮೀ. ಅಷ್ಟೇ. ಅಚ್ಚು ನೆಲಕ್ಕೆ ಅಷ್ಟು ಹತ್ತಿರವಾಗುವುದರಿಂದ ಕಲ್ಲು ತಾಗುವ ಸಂಭವ ಹೆಚ್ಚು. ಇತ್ತ ಎಂಜಿನ್ನಿನ ಅದೇ ಬಲಕ್ಕೆ ಚಿಕ್ಕ ಟೈರು ನೆಲವನ್ನು ಹೆಚ್ಚು ಜೋರಾಗಿ ತಳ್ಳುವುದರಿಂದ ಏರು ಹತ್ತುವುದು ಸುಲಭ. ಆದರೆ ಒಂದು ಕಿ.ಮೀ. ದೂರಕ್ಕೆ ಚಕ್ರ ಹೆಚ್ಚು ಸುತ್ತು ತಿರುಗಬೇಕು. ವೇಗ ತೋರಿಸುವ ಮೀಟರ್ ಸುತ್ತುಗಳನ್ನೇ ಲೆಕ್ಕ ಹಾಕುತ್ತದೆ. ಹಳೆಯ ದೊಡ್ಡ ಟೈರಿಗೆ ಹೊಂದಿಸಿದ ಮೀಟರ್ ಗಂಟೆಗೆ 60 ಕಿ.ಮೀ. ಎಂದು ತೋರಿಸುವಾಗ ಜೀಪು ನಿಜವಾಗಿ ಓಡುತ್ತಿರುವುದು ಸುಮಾರು 57 ಕಿ.ಮೀ. ವೇಗದಲ್ಲಿ!

ಇನ್ನೊಂದು ಮಾತು. ಟೈರು ಚಿಕ್ಕದಾದರೂ ಎತ್ತರಿಸಿದ ಒಡಲು ಮೇಲೆಯೇ ಇರುತ್ತದೆ. ಗುರುತ್ವ ಕೇಂದ್ರ ಇಳಿದದ್ದು ಆ 2 ಸೆಂ.ಮೀ. ಮಾತ್ರ. ಆದ್ದರಿಂದ ಟೈರು ಬದಲಾಯಿಸಿದ್ದೇವೆಂದು ತಿರುವಿನಲ್ಲಿ ವೇಗವಾಗಿ ಓಡಿಸಿದರೆ ಜೀಪು ಮಗುಚಬಹುದು. ಸ್ಟಾರ್ಲಿ ಚಕ್ರವನ್ನಷ್ಟೇ ಚಿಕ್ಕದು ಮಾಡಲಿಲ್ಲ, ಸವಾರನನ್ನೂ ಕೆಳಗಿಳಿಸಿದ. ಹಲ್ಲುಗಾಲಿಯನ್ನೂ ಅದಕ್ಕೆ ಹೊಂದಿಸಿದ. ಒಂದನ್ನು ಬದಲಿಸಿದರೆ ಉಳಿದವನ್ನೂ ಗಮನಿಸಬೇಕೆಂಬುದು ಆತನ ಕೆಲಸದಿಂದ ನಾವು ಕಲಿಯುವ ಪಾಠ.

ನೀವೇ ಮಾಡಿ ನೋಡಿ

1. ದೊಡ್ಡವರೊಬ್ಬರ ಸಹಾಯದಿಂದ, ಸೈಕಲ್ ನಿಂತಿರುವಾಗ ಪೆಡಲಿನ ಹಲ್ಲುಗಾಲಿಯ ಮತ್ತು ಹಿಂದಿನ ಹಲ್ಲುಗಾಲಿಯ ಹಲ್ಲುಗಳನ್ನು ಎಣಿಸಿ. ಬೆರಳು ಸರಪಳಿಗೆ ಸಿಗದಂತೆ ಎಚ್ಚರವಿರಲಿ. ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ. ಹಿಂದಿನ ಚಕ್ರದ ವ್ಯಾಸ ಅಳೆದು ಪರಿಧಿ ಕಂಡುಹಿಡಿಯಿರಿ. ಎರಡನ್ನೂ ಗುಣಿಸಿದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂಬುದು ಸಿಗುತ್ತದೆ. ಸರಪಳಿ ಇಲ್ಲದೆ ಇಷ್ಟೇ ದೂರ ಹೋಗಲು ಎಷ್ಟು ದೊಡ್ಡ ಚಕ್ರ ಬೇಕು? ಆ ದೂರವನ್ನು 3.14ರಿಂದ ಭಾಗಿಸಿ. ಅಷ್ಟು ವ್ಯಾಸದ ವೃತ್ತವನ್ನು ಶಾಲೆಯ ಅಂಗಳದಲ್ಲಿ ಬರೆದು, ಅದರ ಪಕ್ಕ ಮಲಗಿ ನಿಮ್ಮ ಎತ್ತರದೊಂದಿಗೆ ಹೋಲಿಸಿ.

2. ಒಂದು ಪುಸ್ತಕದ ಮೇಲೆ ಎರಡು ಖಾಲಿ ಬೆಂಕಿಪೊಟ್ಟಣಗಳನ್ನು ಇಡಿ. ಒಂದು ಉದ್ದಕ್ಕೆ ನಿಂತಿರಲಿ, ಇನ್ನೊಂದು ಮಲಗಿರಲಿ. ಪುಸ್ತಕವನ್ನು ಮೇಜಿನ ಮೇಲೆ ತಳ್ಳುತ್ತಾ ಹೋಗಿ ಥಟ್ಟನೆ ನಿಲ್ಲಿಸಿ. ಯಾವುದು ಮೊದಲು ಉರುಳಿತು? ಅದು ಯಾವ ಸೈಕಲ್ಲಿನ ಸವಾರನಂತೆ ಎಂದು ನಿಮ್ಮ ಗೆಳೆಯರಿಗೆ ವಿವರಿಸಿ.